ಬಲಗಡೆಯ ಹೂವು

ಬೇರು ಇವತ್ತು ಇನ್ನೂ ಒಂದು ಗೇಣು ಕೆಳಗಿಳಿದಿತ್ತು. ಅರಿಸಿನ ಕುಂಕುಮದ ತಟ್ಟೆ ಹಿಡಿದು ಗುಂಡಿಯ ಅಂಚಿಗೆ ಬಂದ ಯಶೋದ ಮೊದಲು ನೋಡಿದ್ದು ಅದನ್ನೇ. ಕೆಳಗಿದ್ದ ಮೂರು ಕಲ್ಲುಗಳನ್ನಲ್ಲ, ಕಲ್ಲುಗಳ ಮುಂದೆ ಕಾಲು ಮಡಿಸಿ ಕೂತಿದ್ದ ಅಜ್ಜಿಯನ್ನೂ ಅಲ್ಲ. ಹೆಬ್ಬೆರಳಿನ ಗಾತ್ರದ ಬೇರು, ತುದಿಯಲ್ಲಿ ಎರಡು ಕವಲೊಡೆದು, ಒಣಗಿದ ಮಣ್ಣು ಮೆತ್ತಿಕೊಂಡು, ನಡುವಿನ ಕಲ್ಲಿನ ನೆತ್ತಿಯ ಮೇಲೆ ತೂಗುತ್ತಿತ್ತು. ಭಾನುವಾರ ಬೇರಿಗೂ ಕಲ್ಲಿಗೂ ನಡುವೆ ನಾಲ್ಕು ಗೇಣು. ಸೋಮವಾರವೂ ನಾಲ್ಕೇ. ಮಂಗಳವಾರ ಮಿಷನ್ನು ಬಂದು ಕೊಂಬೆ ಕುಯ್ಯತೊಡಗಿದ ಮೇಲೆ ಸಂಜೆಗೆ ಮೂರು. ನಿನ್ನೆ ಒಂದೂವರೆ. ಇವನ್ನೆಲ್ಲ ಅವಳು ತನ್ನ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಟ್ಟಿದ್ದಳು. ಯಾಕೆಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಗುಂಡಿಯೊಳಗೆ ನಿಂತಾಗ ಕಣ್ಣಿಗೆ ಏನಾದರೂ ಬೇಕಲ್ಲ, ಹೂವನ್ನು ನೋಡದೆ ಇರುವುದಕ್ಕೆ. ಈಗ ಅರ್ಧ ಗೇಣು ಉಳಿದಿತ್ತು. ರಾತ್ರಿ ಯಾರೂ ಕುಯ್ದಿರಲಿಲ್ಲ, ಆದರೂ ಇಳಿದಿತ್ತು.

ಶನಿವಾರ ಸಂಜೆ ಬೀಸಿದ ಗಾಳಿ ಮುಕ್ಕಾಲು ಗಂಟೆಯದ್ದು. ಅಷ್ಟರಲ್ಲಿ ಊರಿನ ಒಂಬತ್ತು ಮನೆಗಳ ಶೀಟು ಹಾರಿ, ಕರೆಂಟಿನ ಕಂಬಗಳು ಮಂಡಿಯೂರಿ, ಬಾಳೆಯೆಲ್ಲ ಒಂದೇ ದಿಕ್ಕಿಗೆ ಮಲಗಿದವು. ಲೊಕ್ಕನಹಳ್ಳಿಗೆ ಹೋಗುವ ದಾರಿಯಲ್ಲಿ ಹಳ್ಳದ ಸೇತುವೆಯ ಈ ತುದಿಯಲ್ಲಿದ್ದ ಗೋಣಿಮರ, ಬುಡಸಮೇತ ಕಿತ್ತುಕೊಂಡು ಸೇತುವೆಯುದ್ದಕ್ಕೂ ಅಂಗಾತ ಬಿತ್ತು. ತಲೆ ಆ ಕಡೆ, ಬೇರು ಊರಿನ ಕಡೆ. ಹಳ್ಳ ಎರಡೂ ದಡ ತುಂಬಿ ಕೆಂಪಗೆ ಓಡುತ್ತಿತ್ತು; ಜನ ಕೊಂಬೆಗಳ ನಡುವೆ ನುಸುಳಿ ದಾಟಬಹುದೇ ಹೊರತು ಬೈಕೂ ಹೋಗುವಂತಿರಲಿಲ್ಲ. ಎದ್ದು ನಿಂತ ಬೇರಿನ ಗೋಡೆಯ ಹಿಂದೆ, ಆಳುದ್ದಕ್ಕೂ ಮಿಗಿಲಾದ ಗುಂಡಿ. ಮರದ ಬುಡದಲ್ಲಿದ್ದ ಗೋಣಿಮರದಮ್ಮನ ಮೂರು ಕಲ್ಲುಗಳು ಆ ಗುಂಡಿಯ ತಳಕ್ಕೆ ಜಾರಿದ್ದವು. ಜಾರಿದ್ದವು, ಆದರೆ ಉರುಳಿರಲಿಲ್ಲ. ಮೂರೂ ನೆಟ್ಟಗೆ, ಊರಿನ ಕಡೆ ಮುಖ ಮಾಡಿ, ಯಾರೋ ಎತ್ತಿ ಕೂರಿಸಿದಂತೆ ಕೂತಿದ್ದವು. ಭಾನುವಾರ ಬೆಳಿಗ್ಗೆ ದಾರಿ ನೋಡಲು ಬಂದ ಜನ ದಾರಿಯನ್ನು ಮರೆತು ಕೈ ಮುಗಿದರು.

"ಬಂದ್ಯಾ ಮಗ," ಎಂದಳು ಅಜ್ಜಿ ಚಿಕ್ಕನಿಂಗಮ್ಮ, ತಲೆಯೆತ್ತದೆ. "ನೋಡು, ತಾಯಿ ತಲೆ ಮ್ಯಾಕ್ ಬಿಸ್ಲು ಬೀಳ್ತದೆ ಅಂತವ ಮರವೇ ಬಗ್ತಾದೆ. ಬಿದ್ದೋದ್ರೂವೆ ನೆರ್ಳು ಕೊಡದ್ ಬುಡ್ನಿಲ್ಲ."

ಯಶೋದ ತಟ್ಟೆಯನ್ನು ಒಂದು ಕೈಗೆ ಬದಲಾಯಿಸಿಕೊಂಡಳು. ಗುದ್ದಲಿಯಿಂದ ಕಡಿದ ಮೆಟ್ಟಿಲುಗಳಲ್ಲಿ ಒಂದೊಂದೇ ಹೆಜ್ಜೆ ಇಟ್ಟು ಇಳಿದಳು. ಕೆಳಗೆ ತಂಪಾಗಿತ್ತು, ಬಾವಿಯೊಳಗಿನ ತಂಪು, ಅರ್ಧ ಕಡಿದ ಬೇರಿನ ಹಾಲಿನ ವಾಸನೆ. ತಲೆಯ ಮೇಲೆ ಬೇರಿನ ಗೋಡೆ ಮೊದಲ ದಿನ ಹಿಂದಕ್ಕೆ ಒರಗಿ ಕೂತ ಮನುಷ್ಯನಂತಿತ್ತು. ಈಗ ಅದೇ ಮನುಷ್ಯ ಮುಂದಕ್ಕೆ ಬಾಗಿ ಗುಂಡಿಯೊಳಗೇನಿದೆ ಎಂದು ನೋಡುತ್ತಿದ್ದ. ಆಕಾಶ ಮೊರದಷ್ಟಿದ್ದದ್ದು ತಟ್ಟೆಯಷ್ಟಾಗಿತ್ತು. ಅವಳಿಗೆ ಗಾಡಿಯ ಮೂಕಿ, ನೊಗ ಕಟ್ಟುವ ಆ ಮುಂದಿನ ಮರ, ನೆನಪಾಯಿತು. ಎಂಟು ವರ್ಷದವಳಿದ್ದಾಗ, ರಾಗಿ ಮೂಟೆ ಹೇರಿದ್ದ ಗಾಡಿಯನ್ನು ಎತ್ತು ಬಿಚ್ಚಿ ಅಂಗಳದಲ್ಲಿ ನಿಲ್ಲಿಸಿದ್ದರು. ಅಣ್ಣ ನಿಂಗರಾಜು, ಮೂಕಿ ಮ್ಯಾಲೆ ಕೂತ್ಕಳೇ ಯಶಿ, ಕುದ್ರೆ ಆಟ, ಎಂದಿದ್ದ. ಇವಳು ಕೂತಳು. ಆಳುಗಳು ಮುಂದಿನ ನಾಲ್ಕು ಮೂಟೆ ಇಳಿಸಿದರು, ಐದನೆಯದು ಇಳಿಸುತ್ತಿದ್ದಂತೆ ಗಾಡಿಯ ಹಿಂಭಾಗ ಧೊಪ್ಪನೆ ಕೂತು, ಮೂಕಿ ಇವಳನ್ನು ಹೊತ್ತು ಸೂರಿನೆತ್ತರಕ್ಕೆ ಎದ್ದಿತು. ಲಂಗ ಮುಖದ ಮೇಲೆ. ಕೆಳಗೆ ಎಲ್ಲರ ನಗು. ಬಿದ್ದ ನೋವು ಎರಡು ದಿನಕ್ಕೆ ಹೋಯಿತು. ನಗು ಹೋಗಲಿಲ್ಲ. ಕೊಳ್ಳೇಗಾಲದ ಕಾಲೇಜಿನಲ್ಲಿ ಮೂರು ವರ್ಷ, ಉತ್ತರ ಗೊತ್ತಿದ್ದಾಗಲೂ ಎದ್ದು ನಿಲ್ಲದೆ ಕೂತಿದ್ದಾಗಲೆಲ್ಲ ಅದೇ ನಗು ಬೆಂಚಿನ ಕೆಳಗೆಲ್ಲೋ ಕಾಯುತ್ತಿತ್ತು. ಒಂದು ತುದಿಯ ಭಾರ ಇಳಿಸಿದರೆ ಇನ್ನೊಂದು ತುದಿ ಕೂರುತ್ತದೆ. ಅಷ್ಟೇ. ಆ ಕಡೆ ಅವರು ಎರಡು ದಿನದಿಂದ ಭಾರ ಇಳಿಸುತ್ತಿದ್ದರು. ಇವತ್ತು ಬುಡ ಕುಯ್ಯುತ್ತಾರೆ. ಆಗ ಇದು ಕೂರುತ್ತದೆ, ಎಲ್ಲಿಂದ ಎದ್ದಿತ್ತೋ ಅಲ್ಲಿಯೇ, ಈ ಗುಂಡಿಯಲ್ಲೇ.

"ಅಜ್ಜಿ, ಇವತ್ತು ಬುಡ ಕುಯ್ತಾರಂತೆ. ಮ್ಯಾಕೋಗಣ ಬಾ."

"ತಾಯಿ ಬಂದ್ರೆ ನಾನೂ ಬತ್ತೀನಿ."

ಎರಡು ದಿನದಿಂದ ಇದೇ ಮಾತು. ಗೋಣಿಮರದಮ್ಮನ ಪೂಜೆ ಇವರ ಮನೆಯದು, ಮನೆಯ ಹಿರಿಯ ಹೆಂಗಸಿನದು. ಮರ ಕುಯ್ಯಲು ತಾಯಿ ಹೂ ಕೊಟ್ಟಿದ್ದಾಳೆ, ಸರಿ. ಆದರೆ ತಾಯಿ ತಾನು ಮೇಲೆ ಬರುತ್ತೇನೆಂದು ಹೂ ಕೊಟ್ಟಿಲ್ಲವಲ್ಲ, ಅದು ಬೇರೆ ಅಪ್ಪಣೆ, ಎನ್ನುತ್ತಿದ್ದಳು ಅಜ್ಜಿ. ಕಲ್ಲಿನ ನೆತ್ತಿಗೆ ಅರಿಸಿನ ಮೆತ್ತಿ, ಮೇಲೊಂದು ಕಣಗಲೆ ಹೂ ನಿಲ್ಲಿಸಿ ಕೇಳಬೇಕು. ಬಲಕ್ಕೆ ಬಿದ್ದರೆ ಆಗಬಹುದು. ಎಡಕ್ಕೆ ಬಿದ್ದರೆ ಕೂಡದು. ಬೀಳದೆ ನಿಂತರೆ ಕಾಯಬೇಕು. ಮಂಗಳವಾರ ಸಂಜೆ ಎಡಕ್ಕೆ ಬಿತ್ತು. ನಿನ್ನೆ ಬೆಳಿಗ್ಗೆ ನಿಂತೇ ಇತ್ತು, ಸಂಜೆ ಎಡಕ್ಕೆ.

ಆದರೆ ಮಂಗಳವಾರ ಬೆಳಿಗ್ಗೆ ಬಲಕ್ಕೆ ಬಿದ್ದಿತ್ತು. ಯಶೋದ ಎಣ್ಣೆಯ ಲೋಟವನ್ನು ಕಲ್ಲಿನ ಪಕ್ಕದಲ್ಲಿಡುವಾಗ ತನ್ನ ಬಲಗೈಯ ಉಂಗುರದ ಬೆರಳನ್ನು ನೋಡಿಕೊಳ್ಳಬಾರದೆಂದುಕೊಂಡು ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಹಳದಿ ಗೆರೆ ಇನ್ನೂ ಇತ್ತು. ಅವತ್ತು ಊರೆಲ್ಲ ಗುಂಡಿಯ ಸುತ್ತ ನಿಂತಿತ್ತು. ಮರ ಕುಯ್ಯುವ ಶಾಂತಮೂರ್ತಿ ಹಳ್ಳದ ಆಚೆಯೇ ಮಿಷನ್ನು ಇಳಿಸಿಕೊಂಡು, ಹೂ ಕೊಡ್ಸಿ, ಆಮೇಲ್ ನನ್ ಕರೀರಿ, ದೇವ್ರ ಮರಕ್ಕೆ ಸುಮ್ಸುಮ್ನೆ ಮಿಷನ್ ಹಾಕನಲ್ಲ ನಾನು, ಎಂದು ಬೀಡಿ ಹಚ್ಚಿ ಕೂತಿದ್ದ. ಭಾನುವಾರ ಹೂ ನಿಂತಿತ್ತು, ಸೋಮವಾರ ಎಡಕ್ಕೆ. ಅತ್ತಿಗೆ ರೂಪ ಗುಂಡಿಯ ಅಂಚಿನಲ್ಲಿ ಹಾಕಿಕೊಟ್ಟ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಳು, ತುಂಬಿದ ಹೊಟ್ಟೆಯ ಮೇಲೆ ಎರಡೂ ಕೈ. ಅವಳ ಪಾದ ಊದಿ ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತುಹೋಗಿತ್ತು. ಮೊದಲನೆಯ ಕೂಸು ಯಳಂದೂರಿನ ತವರಿನಲ್ಲಿ ಎಂಟು ತಿಂಗಳಿಗೇ ಹೊಟ್ಟೆಯೊಳಗೇ ಹೋಗಿತ್ತು. ಈ ಸಲ ಬಿಪಿ ಇದೆ, ಗುರುವಾರ ಬಂದು ಸೇರಿಕೊಳ್ಳಲೇಬೇಕು, ತಡ ಮಾಡಬೇಡಿ, ಎಂದು ಕಾಮಗೆರೆಯ ಆಸ್ಪತ್ರೆಯಲ್ಲಿ ಬರೆದುಕೊಟ್ಟಿದ್ದರು. ಮನೆಯಲ್ಲಿ ಯಶೋದಳೊಂದಿಗೆ ಪಿಸುಮಾತಿನಲ್ಲಿ ಮಾತಾಡುವವಳೆಂದರೆ ರೂಪ ಒಬ್ಬಳೇ. ಅವತ್ತು ಬೆಳಿಗ್ಗೆ ತಲೆ ಬಾಚಿಸಿಕೊಳ್ಳುತ್ತ, "ಕೊಡ್ತಾಳಾ ಯಶಿ?" ಎಂದು ಕೇಳಿದ್ದಳು. "ಕೊಡ್ತಾಳೆ ಅತ್ತಿಗೆ," ಎಂದಿದ್ದಳು ಯಶೋದ. ಯಾರಿಗೂ ಯಾವತ್ತೂ ಅಷ್ಟು ಗಟ್ಟಿಯಾಗಿ ಏನನ್ನೂ ಹೇಳಿರಲಿಲ್ಲ. ಕರ್ಪೂರ ಹಚ್ಚಿದರು, ಗಂಟೆ ಅಲುಗಿತು, ಎಲ್ಲರೂ ಕಣ್ಣು ಮುಚ್ಚಿದರು. ತಟ್ಟೆ ಹಿಡಿದು ಕಲ್ಲಿನ ಪಕ್ಕದಲ್ಲೇ ನಿಂತಿದ್ದ ಯಶೋದ ಮುಚ್ಚಲಿಲ್ಲ. ಹೂವು ಎಡಕ್ಕೆ ವಾಲುತ್ತಿತ್ತು. ಒದ್ದೆ ಅರಿಸಿನದಲ್ಲಿ ಅದರ ತೊಟ್ಟು ನಿಧಾನವಾಗಿ, ನಿದ್ದೆ ಬಂದ ಕೂಸಿನ ಕತ್ತಿನಂತೆ, ಎಡಕ್ಕೆ. ಇರುವೆಯೊಂದನ್ನು ಸರಿಸುವಂತೆ ಬೆರಳು ಹೋಯಿತು. ಅವಳು ಕಳಿಸಲಿಲ್ಲ, ಅದೇ ಹೋಯಿತು, ಎಂದು ರಾತ್ರಿ ನೋಟ್‌ಬುಕ್ಕಿನಲ್ಲಿ ಬರೆದು, ಸುಳ್ಳೆನ್ನಿಸಿ, ಹೊಡೆದುಹಾಕಿದ್ದಳು.

"ಕೊಟ್ಲು ಕಣ್ರಪ್ಪ, ಬಲಕ್ಕೆ ಕೊಟ್ಲು," ಎಂದು ಯಾರೋ ಹೇಳಿದ್ದರು. ರೂಪ ಅಳುತ್ತಿದ್ದಳು. ಅಜ್ಜಿ ಹೂವನ್ನು ಎತ್ತಿ ಕಣ್ಣಿಗೊತ್ತಿಕೊಂಡು ಮೊಮ್ಮಗನ ಹೆಂಡತಿಯ ಉಡಿಗೆ ಹಾಕಿದ್ದಳು. ಮಧ್ಯಾಹ್ನ ಮನೆಯಲ್ಲಿ, ಕೇಳದೆಯೇ, ಒಂದು ಚೊಂಬು ನೀರು ತಂದು ಯಶೋದಳ ಕೈಗೆ ಸುರಿದು, "ತೊಳ್ಕ," ಎಂದಿದ್ದಳು. ಅಷ್ಟೇ ಅಂದದ್ದು.

ಈಗ ಮೇಲೆ ಜನ ಸೇರುವ ಸದ್ದು. ಯಶೋದ ಗುಂಡಿಯಿಂದ ಹತ್ತಿ ಬಂದಳು. ಪಂಚಾಯ್ತಿ ಮೆಂಬರು ಮಾದಸ್ವಾಮಿ ದಾರಿಯ ಪಕ್ಕದಲ್ಲಿ, ಬಿದ್ದ ಕರೆಂಟು ಕಂಬದ ಮೇಲೆ ನಾಲ್ಕು ಜನರೊಂದಿಗೆ ಕೂತು ಫೋನಿನಲ್ಲಿ ಬಿರುಗಾಳಿಯ ಫೋಟೋ ತೋರಿಸುತ್ತಿದ್ದ. ಅವಳು ಹೋಗಿ ಅವನಿಂದ ಮೂರು ಮಾರು ದೂರದಲ್ಲಿ ನಿಂತಳು. ಹೇಳಬೇಕಾದ್ದನ್ನು ಬಾಯೊಳಗೆ ಜೋಡಿಸಿಕೊಂಡಳು. ಬಿದ್ದ ಮರ ಎದ್ದು ನಿಲ್ಲುತ್ತದೆ. ಹಾಗೆಂದರೆ? ಬಿದ್ದ ಮರ ಎದ್ದು ನಿಲ್ಲುತ್ತದೆಂದು ಇಷ್ಟು ಗಂಡಸರ ಮುಂದೆ ಹೇಗೆ ಹೇಳುವುದು? ಬುಡ ಕೂರುತ್ತದೆ ಎನ್ನಬೇಕು. ಮೂಕಿಯ ಹಾಗೆ ಎನ್ನಬೇಕು. ಮೂಕಿ ಎಂದರೆ ಇವರಿಗೆಲ್ಲ ಆ ದಿನ ನೆನಪಾಗುತ್ತದೆ.

"ಮಾದಸ್ವಾಮಣ್ಣ."

"ಏನವ್ವ ಡಿಗ್ರಿ ಮೇಡಮ್ಮು? ಅಜ್ಜಿ ಕಾಪೀ ಕೇಳ್ತಾ?"

"ಇಲ್ಲ. ಬುಡ... ಬುಡ ವಾಲ್ತಾದೆ."

"ಬಿದ್ದೋಗಿರ ಮರ ಕಣವ್ವ ಅದು. ಇನ್ನೆಲ್ಲಿಗ್ ವಾಲ್ತದೆ?"

"ಈ ಕಡೀಕೆ. ದಿನಾ ಒಂದ್ ಗೇಣು—"

"ನೋಡ್ರಪ್ಪ," ಎಂದ ಮಾದಸ್ವಾಮಿ ಪಕ್ಕದವರಿಗೆ, "ನಾವು ಶೀಟ್ ಹಾರೋದ್ ಮನೆ ಅಳೀತಾ ಇದ್ರೆ ಇವ್ಳು ಬೇರ್ ಅಳೀತಾ ಕೂತವ್ಳೆ. ಕೊಳ್ಳೇಗಾಲದ್ ಕಾಲೇಜ್ನಲ್ಲಿ ಇದ್ನೂ ಓದುಸ್ತಾರಾ ಕೂಸೆ?"

ನಾಲ್ವರೂ ನಕ್ಕರು. ಕೆಟ್ಟ ನಗುವಲ್ಲ, ಮಕ್ಕಳನ್ನು ನೋಡಿ ನಗುವ ನಗು. ಅವಳ ಕಿವಿ ಬಿಸಿಯಾಯಿತು. ಇನ್ನೊಂದು ಮಾತು ಹೇಳಿದರೆ ಸಾಕಿತ್ತು, ನಿಲ್ಲಿಸಿ ಎಂದರೆ ಸಾಕಿತ್ತು. ಆದರೆ ನಿಲ್ಲಿಸಿದರೆ ಯಾಕೆ ಎನ್ನುತ್ತಾರೆ. ತಾಯಿ ಹೂ ಕೊಟ್ಟಿದ್ದಾಳಲ್ಲ ಎನ್ನುತ್ತಾರೆ. ಆಗ ಈ ಬಾಯಿ, ಹೇಳಬೇಕಾದ್ದನ್ನು ಎಂದೂ ಹೇಳದ ಈ ಬಾಯಿ, ಹೇಳಬಾರದ್ದನ್ನು ಹೇಳಿಬಿಟ್ಟರೆ? ಹೂ ಸುಳ್ಳೆಂದಾದರೆ ಶಾಂತಮೂರ್ತಿ ಮಿಷನ್ನು ಎತ್ತಿಕೊಂಡು ಹೋಗುತ್ತಾನೆ, ಸೇತುವೆ ಹಾಗೇ ಇರುತ್ತದೆ, ರೂಪ ಹಾಗೇ ಇರುತ್ತಾಳೆ. ಅಜ್ಜಿ ಒಂದು ಕಡೆ, ರೂಪ ಒಂದು ಕಡೆ. ಗಾಡಿಯ ಎರಡು ತುದಿ. ನಡುವೆ ತನ್ನ ಬೆರಳು. ಅವಳು ಹೆಗಲ ಮೇಲಿನ ವೇಲನ್ನು ಎಳೆದುಕೊಂಡು ತಿರುಗಿದಳು.

ನಿಂಗರಾಜು ಮನೆಯ ಕಡೆಯಿಂದ ಓಡಿಬರುತ್ತಿದ್ದ. ಆಂಬುಲೆನ್ಸು ಲೊಕ್ಕನಹಳ್ಳಿ ಬಿಟ್ಟಿದೆಯಂತೆ, ಇನ್ನರ್ಧ ಗಂಟೆಗೆ ಹಳ್ಳದ ಆಚೆ ಬಂದು ನಿಲ್ಲುತ್ತದಂತೆ. ರೂಪಳಿಗೆ ಬೆಳಿಗ್ಗೆಯಿಂದ ಕಣ್ಣು ಮಂಜು, ತಲೆನೋವು. ಅವ್ವ ಪಕ್ಕದಲ್ಲಿ ಕೂತು ಹಣೆ ಒತ್ತುತ್ತಿದ್ದಾಳೆ. ಅವನ ಅಂಗಿಯ ಗುಂಡಿಗಳು ಒಂದಕ್ಕೊಂದು ಹೊಂದದೆ ಹಾಕಿಕೊಂಡಿದ್ದವು.

"ಅಣ್ಣ, ಅಜ್ಜೀಯ ಮ್ಯಾಕ್ ಕರ್ಕಬಾ. ನಾ ಕರುದ್ರೆ ಬರಲ್ಲ ಅಂತಾಳೆ."

"ಕೂತ್ಕಳ್ಲಿ ಬುಡು. ಗುಂಡೀಲ್ ತಾನೆ ಇರದು? ಮಿಷನ್ನು ಅಲ್ಲಿಗ್ ಬರಲ್ಲ, ತುಂಡೂ ಅಲ್ಲಿಗ್ ಹಾರಲ್ಲ. ನಮ್ಮೆಲ್ರುಗಿಂತ ಅವ್ಳೇ ಸೇಫಾಗವ್ಳೆ."

"ಅಲ್ಲ ಕಣಣ್ಣ, ಬುಡ ಕೂತ್ಕತದೆ."

"ಯಶಿ." ಅವನು ನಿಂತ. ಕಣ್ಣು ಕೆಂಪಾಗಿದ್ದವು. "ಈವತ್ತೊಂದಿನ ನಂಗೆ ಏನೂ ಯೋಳ್ಬ್ಯಾಡ. ಕೈ ಮುಗೀತೀನಿ."

ಕೊಂಬೆಗಳ ಕಡೆಗೆ ಹೋದ. ಅವನು ನಿಜಕ್ಕೂ ಕೈ ಮುಗಿದಿದ್ದ. ಅಣ್ಣ ತನಗೆ ಕೈ ಮುಗಿದದ್ದು ಯಶೋದಳಿಗೆ ಹೊಡೆದದ್ದಕ್ಕಿಂತ ಹೆಚ್ಚಾಗಿ ನಾಟಿತು. ಅಷ್ಟರಲ್ಲಿ ಸೇತುವೆಯ ಮೇಲಿಂದ, ತುದಿಯಿಂದ ತುಂಡು ಹಾಕುತ್ತ ಬಂದ ಕಾಂಡದ ಆ ಬದಿಯಿಂದ, ಶಾಂತಮೂರ್ತಿಯ ದನಿ ಕೇಳಿತು. ಬೇರಿನ ಗೋಡೆ ನಡುವೆ ಇದ್ದುದರಿಂದ ಅವನು ಕಾಣುತ್ತಿರಲಿಲ್ಲ. ಅವನಿಗೆ ಈ ಕಡೆಯ ಯಾವುದೂ ಕಾಣುತ್ತಿರಲಿಲ್ಲ.

"ಮೆಂಬ್ರೇ, ಬುಡಕ್ಕೆ ಹಾಕ್ತಾ ಇವ್ನಿ. ಆ ಕಡೆ ಯಾರಾರ ಇದ್ರೆ ದೂರ ನಿಲ್ಸಿ."

ಮಾದಸ್ವಾಮಿ ಎದ್ದು ನಿಂತು ದಾರಿಯ ಉದ್ದಗಲ ನೋಡಿದ. ದಾರಿಯಲ್ಲಿ ಯಾರೂ ಇರಲಿಲ್ಲ. "ಎಲ್ಲಾ ದೂರ್ದಲ್ಲೇ ಅವ್ರೆ," ಎಂದು ಕೂಗಿದ, "ನೀ ಶುರು ಮಾಡಪ್ಪ."

ಅಲ್ಲ, ಎನ್ನಬೇಕಿತ್ತು ಯಶೋದ. ಎರಡೇ ಎರಡು ಅಕ್ಷರ. ಬಾಯಿ ತೆರೆದಳು ಕೂಡ. ಮಿಷನ್ನಿನ ಸದ್ದು ಮೊದಲು ಕೆಮ್ಮಿ, ಆಮೇಲೆ ಒಂದೇ ಸಮನೆ ಅರಚತೊಡಗಿ, ಹಳ್ಳದ ನೀರನ್ನೂ ಕಾಗೆಗಳನ್ನೂ ನುಂಗಿಹಾಕಿತು. ತೆರೆದ ಬಾಯಿಯಲ್ಲೇ ಅವಳು ಗುಂಡಿಯ ಮೆಟ್ಟಿಲು ಇಳಿದಳು, ಓಡುತ್ತ, ಕೊನೆಯದರಲ್ಲಿ ಜಾರಿ ಮಂಡಿ ತರಚಿ.

ಕೆಳಗೆ ಸದ್ದು ಬೇರೆಯೇ ಇತ್ತು. ಮೇಲೆ ಅದು ಕಿವಿಗೆ ಕೇಳುತ್ತಿತ್ತು, ಇಲ್ಲಿ ಹಲ್ಲಿಗೆ ಕೇಳುತ್ತಿತ್ತು. ಬೇರಿನ ಗೋಡೆಯೆಲ್ಲ ಸಣ್ಣಗೆ ನಡುಗುತ್ತಿತ್ತು. ಮಣ್ಣು ಕಾಳುಕಾಳಾಗಿ ಉದುರಿ ಅಜ್ಜಿಯ ತಲೆಯ ಮೇಲೆ, ಮಡಿಲಲ್ಲಿ, ಹಚ್ಚಿದ ದೀಪದ ಎಣ್ಣೆಯಲ್ಲಿ ಬೀಳುತ್ತಿತ್ತು. ತುಂಡಾದ ಎರೆಹುಳುವೊಂದು ಕಲ್ಲಿನ ಮುಂದೆ ಹೊರಳುತ್ತಿತ್ತು. ನಡುವಿನ ಕಲ್ಲಿನ ನೆತ್ತಿಯಲ್ಲಿ ಹೊಸ ಹೂವು ನಿಂತಿತ್ತು, ಬೇರಿನ ಎರಡು ಕವಲು ಅದರ ಎಸಳನ್ನು ಮುಟ್ಟಿಯೂ ಮುಟ್ಟದಂತಿತ್ತು. ಅಜ್ಜಿ ಕೈ ಮುಗಿದು ಕಣ್ಣು ಮುಚ್ಚಿ ಕೂತಿದ್ದಳು, ತುಟಿ ಅಲುಗುತ್ತಿತ್ತು. ಯಶೋದ ಕಲ್ಲಿನ ಪಕ್ಕ ಮಂಡಿಯೂರಿದಳು. ಇನ್ನೊಂದು ಸಲ. ಇನ್ನೊಂದೇ ಸಲ, ಆಮೇಲೆ ಎಂದೆಂದಿಗೂ ಇಲ್ಲ. ಬಲಕ್ಕೆ ಬಿದ್ದರೆ ಅಜ್ಜಿ ಕಲ್ಲಿಗೆ ಕೈಮುಗಿದು ಏಳುತ್ತಾಳೆ. ಉಂಗುರದ ಬೆರಳು ಚಾಚಿದಳು.

"ಮೊನ್ನೇನೂ ನೋಡ್ದೆ ಕಣ್ ಮಗ."

ಅಜ್ಜಿ ಕಣ್ಣು ತೆರೆದಿದ್ದಳು. ಕೂಗಿರಲಿಲ್ಲ, ಆದರೂ ಅಷ್ಟು ಸದ್ದಿನಲ್ಲಿ ಆ ಮಾತೊಂದು ಬಿಡಿಯಾಗಿ, ಒಣ ಎಲೆಯ ಹಾಗೆ, ಇವಳ ಮುಂದೆ ಬಂದು ಬಿತ್ತು. ಚಾಚಿದ ಬೆರಳನ್ನು ಹಿಂದೆಗೆದುಕೊಳ್ಳಲು ಯಶೋದಳಿಗೆ ತೋಚಲಿಲ್ಲ.

"ನೋಡ್ದೆ. ನೋಡಿ ಸುಮ್ನಾದೆ. ಆ ಉಡುಗಿ ಕಾಲ್ ನೋಡಿ ನಂಗೂ ಮನಸ್ ತಡೀನಿಲ್ಲ. ತಳ್ದೋಳು ನೀನು, ಬಲಕ್ ಬಿತ್ತು ಅಂತ ಕಣ್ಣಿಗೊತ್ಕಂಡೋಳು ನಾನು. ತಾಯಿ ಯಾರ್ನ ಕೇಳ್ತಾಳೆ? ಹೊಟ್ಟೇಲಿರದ್ನ ಕೇಳಕ್ ಮುಂಚೆ ನನ್ನ ಕೇಳ್ಲಿ ಅಂತವ ಕೂತಿವ್ನಿ. ನೀನ್ ಓಗು."

ಎರಡು ದಿನದ ಎರಡು ಹೂ ಎಡಕ್ಕೆ ಬಿದ್ದದ್ದು ಯಾವ ಪ್ರಶ್ನೆಗೆ ಎಂದು ಯಶೋದಳಿಗೆ ಆಗ ಹೊಳೆಯಿತು. ಅಜ್ಜಿ ಕಲ್ಲನ್ನು ಮೇಲೆ ತರಲು ಅಪ್ಪಣೆ ಕೇಳುತ್ತಿರಲಿಲ್ಲ. ಕೂಸಿನ ಬದಲಿಗೆ ತಾನು ಸಾಕೇ ಎಂದು ಕೇಳುತ್ತಿದ್ದಳು. ಮರ ಬಗ್ಗುತ್ತಿರುವುದು ನೆರಳಿಗಲ್ಲವೆಂದು ಅವಳಿಗೂ ಗೊತ್ತಿತ್ತೇ? ಗೊತ್ತಿತ್ತು. ಎಪ್ಪತ್ತು ವರ್ಷ ಗಾಡಿ ಹೇರಿ ಇಳಿಸಿದ ಮನೆಯವಳು. ಯಶೋದ ಅಳು ಬರುತ್ತದೆಂದುಕೊಂಡಳು, ಬರಲಿಲ್ಲ. ವಾದಿಸಲು ಮಾತು ಯಾವತ್ತೂ ಇದ್ದಿಲ್ಲ. ಇದ್ದದ್ದು ಸುಮ್ಮನೆ ಕೂರುವುದು ಒಂದೇ. ಅಜ್ಜಿಯ ಪಕ್ಕದಲ್ಲಿ, ಉದುರುವ ಮಣ್ಣಿನಲ್ಲಿ, ಕಾಲು ಮಡಿಸಿ ಕೂತಳು.

"ಓಗು ಅಂದೆ."

ಯಶೋದ ಕಲ್ಲನ್ನು ನೋಡುತ್ತ ಕೂತಳು.

"ಏಯ್. ಎದ್ದೇಳು."

"ಕೇಳದಾದ್ರೆ ನನ್ನೂ ಕೇಳ್ಲಿ. ತಳ್ದೋಳು ನಾನು."

ಮೇಲೆ ಎಲ್ಲೋ ಒಂದು ಬೇರು ಪಟ್ಟನೆ ಹರಿಯಿತು, ಚಾಟಿ ಬೀಸಿದಂತೆ. ಕವಲಿನ ತುದಿ ಹೂವನ್ನು ಮುಟ್ಟಿತು. ಹೂವು ಬಿತ್ತು, ಯಾವ ಕಡೆಗೆಂದು ಇಬ್ಬರೂ ನೋಡಲಿಲ್ಲ, ಯಾಕೆಂದರೆ ಅಜ್ಜಿ ಮೊಮ್ಮಗಳ ಮುಖ ನೋಡುತ್ತಿದ್ದಳು, ಮೊಮ್ಮಗಳು ಅಜ್ಜಿಯದ್ದನ್ನು. ಆ ಮುದುಕ ಮುಖದಲ್ಲಿ ಮೊದಲ ಸಲ ಭಯ ಕಂಡಿತು. ತನಗಾಗಿ ಅಲ್ಲ.

"ಮುಂಡೇದೇ, ಹಠಮಾರಿ ಮುಂಡೇದೇ," ಎಂದು ಬಯ್ಯುತ್ತ ಅಜ್ಜಿ ಎದ್ದಳು. ಯಶೋದಳ ಜಡೆಯನ್ನೇ ಹಿಡಿದು ಎಳೆದಳು. ಮೆಟ್ಟಿಲಲ್ಲಿ ಯಾರು ಯಾರನ್ನು ಎಳೆದರೋ, ಅಂಚಿಗೆ ಬಂದು, ಅಂಚು ದಾಟಿ, ಹುಲ್ಲಿನ ಮೇಲೆ ಹತ್ತು ಹೆಜ್ಜೆ, ಹದಿನೈದು. ಹಿಂದೆ ಮಿಷನ್ನಿನ ಸದ್ದು ಇದ್ದಕ್ಕಿದ್ದಂತೆ ನಿಂತಿತು. ನಿಂತ ಮೌನದಲ್ಲಿ ಒಂದು ನರಳಿಕೆ, ದೊಡ್ಡ ಬಾಗಿಲೊಂದು ವರ್ಷಾನುಗಟ್ಟಲೆಯ ಮೇಲೆ ತಿರುಗುವಂತಹದು. ಯಶೋದ ತಿರುಗಿ ನೋಡಿದಳು. ಬೇರಿನ ಗೋಡೆ ಮುಂದಕ್ಕೆ ಬಾಗಿತು. ಅವಸರವೇ ಇರಲಿಲ್ಲ ಅದಕ್ಕೆ, ಮೊದಲು. ಆಮೇಲೆ ಒಮ್ಮೆಲೇ ಗುಂಡಿಯ ಮೇಲೆ ಕೂತಿತು. ನೆಲ ಅಂಗಾಲಿಗೆ ಒದ್ದಿತು. ಆಳೆತ್ತರದ ಮೋಟು ಬುಡ, ಮೇಲೆ ಹಸಿ ಗಾಯದ ಹಾಗೆ ಬೆಳ್ಳಗೆ, ಎಂದೂ ಬಿದ್ದೇ ಇರಲಿಲ್ಲವೆಂಬಂತೆ ದಾರಿಯ ಪಕ್ಕದಲ್ಲಿ ನೆಟ್ಟಗೆ ನಿಂತಿತ್ತು. ಗುಂಡಿ ಇರಲಿಲ್ಲ. ಮಣ್ಣಿನೊಳಗಿನಿಂದ, ಕಲ್ಲುಗಳ ಬಳಿ ಬಿಟ್ಟುಬಂದ ಪೂಜೆಯ ಗಂಟೆ ಒಂದೇ ಒಂದು ಸಲ ಟಿಣ್ ಎಂದಿತು. ಅಥವಾ ಹಾಗೆ ಅವಳಿಗೆ ಕೇಳಿಸಿತು.

ಜನ ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟರು. ಶಾಂತಮೂರ್ತಿ ಸೇತುವೆಯ ಕಟ್ಟೆಯ ಮೇಲೆ ಕೂತುಬಿಟ್ಟಿದ್ದ. ಎಗರಿದ ಬುಡ ಅವನ ಮಿಷನ್ನನ್ನು ಹಳ್ಳಕ್ಕೆ ಎಸೆದಿತ್ತು. "ಎದ್ಕತದೆ ಅಂತ ಗೊತ್ತಿತ್ತು ಸಾ ನಂಗೆ," ಎನ್ನುತ್ತಿದ್ದ, ಯಾರಿಗೆಂದಿಲ್ಲದೆ. "ಕಿತ್ಕಂಡ್ ಬಿದ್ದಿರ ಮರ ಎಲ್ಲಾ ಎದ್ಕತವೆ. ಅದ್ಕೇ ಅಲ್ವ ಕೇಳಿದ್ದು, ಆ ಕಡೆ ಯಾರಾರ ಅವ್ರಾ ಅಂತ?" ಮಾದಸ್ವಾಮಿ ಯಶೋದಳ ಕಡೆ ನೋಡಲಿಲ್ಲ. ಅವಳ ಮಂಡಿಯ ರಕ್ತದ ಕಡೆ ನೋಡಿ, ಫೋನನ್ನು ಜೇಬಿಗೆ ಹಾಕಿಕೊಂಡ. ಆದರೆ ಶಾಂತಮೂರ್ತಿಯ ಮಾತು ಯಾರಿಗೆ ಬೇಕಿತ್ತು? ಮರ ಕುಯ್ಯುವವನು ಏನಾದರೂ ಅನ್ನಲಿ, ಎದ್ದದ್ದು ತಾಯಿ. ಚಿಕ್ಕನಿಂಗಮ್ಮ ಮೇಲೆ ಬರುವ ತನಕ ಕಾದು, ಬಂದ ಮೇಲೆ ಎದ್ದಿದ್ದಾಳೆ. ತನ್ನ ಕಲ್ಲನ್ನು ಯಾರ ಕೈಗೂ ಕೊಡದೆ ತಾನೇ ಮುಚ್ಚಿಕೊಂಡಿದ್ದಾಳೆ. ಸೇತುವೆಯ ಮೇಲೆ ಉಳಿದಿದ್ದ ತುಂಡುಗಳನ್ನು ಎಲ್ಲರೂ ಸೇರಿ ಹಳ್ಳಕ್ಕೆ ಉರುಳಿಸಿ ದಾರಿ ಮಾಡಿದರು. ರೂಪಳನ್ನು ಇಬ್ಬರು ಹೆಗಲು ಕೊಟ್ಟು ನಡೆಸಿಕೊಂಡು ಹೋದರು. ಹೋಗುವಾಗ ಅವಳು ಮೋಟು ಬುಡವನ್ನು ಮುಟ್ಟಿ, ಆ ಕೈಯನ್ನೇ ಹೊಟ್ಟೆಗೆ ಒತ್ತಿಕೊಂಡು, ಯಶೋದಳತ್ತ ತಿರುಗಿ ನಕ್ಕಳು. "ನೀ ಯೋಳಿದ್ದೆ ಅಲ್ವ, ಕೊಡ್ತಾಳೆ ಅಂತವ." ಅವ್ವನೂ ಅಣ್ಣನೂ ಹತ್ತಿದರು. ಆಂಬುಲೆನ್ಸಿನ ಬಾಗಿಲು ಮುಚ್ಚಿತು.

ಮಧ್ಯಾಹ್ನದ ಹೊತ್ತಿಗೆ ಬುಡಕ್ಕೆ ಅರಿಸಿನ ಬಳಿದು ಸೀರೆ ಉಡಿಸಿದ್ದರು. ಪಕ್ಕದೂರುಗಳಿಂದ ಬೈಕಿನಲ್ಲಿ ಜನ ಬಂದು ಫೋಟೋ ತೆಗೆಯುತ್ತಿದ್ದರು. ಅಜ್ಜಿ ಬುಡದ ಪಕ್ಕದಲ್ಲಿ ಈಚಲ ಚಾಪೆ ಹಾಕಿಕೊಂಡು ಕೂತಿದ್ದಳು. ಹೆಂಗಸೊಬ್ಬಳು ಏನನ್ನೋ ಕೇಳಬೇಕೆಂದು ಹೂ ಹಿಡಿದು ಬಂದಾಗ, "ನನ್ ಕಣ್ ಮಂಜಾಯ್ತು ಕವ್ವ, ಹೂವು ಎತ್ಲಾಗ್ ಬಿತ್ತು ಅನ್ನದೇ ಕಾಣಲ್ಲ," ಎಂದಳು. "ಇನ್ ಮ್ಯಾಲೆ ಇವ್ಳೇ ಇಡ್ತಾಳೆ." ಯಶೋದ ಅಜ್ಜಿಯ ಕಣ್ಣನ್ನು ನೋಡಿದಳು. ಕರ್ಪೂರದ ಹೊಗೆಯಲ್ಲಿ, ಸುತ್ತ ಊರೆಲ್ಲ ಇದ್ದಾಗ, ಒಂದು ಬೆರಳು ಅಲುಗಿದ್ದನ್ನು ಕಂಡ ಕಣ್ಣು. ಅದು ಅವಳನ್ನು ನೇರವಾಗಿ ನೋಡಿ, ಮಂಜಾಗಿರುವಂತೆ ಮಿಟುಕಿತು. ಬೇಡ, ಎನ್ನಬೇಕಿತ್ತು. ಜನ ಆಗಲೇ ಅವಳಿಗೆ ದಾರಿ ಬಿಟ್ಟು ಸರಿದಿದ್ದರು. ಬೆಳಿಗ್ಗೆ ಕಂಬದ ಮೇಲೆ ಕೂತು ನಕ್ಕವನೊಬ್ಬ, "ಬಾವ್ವ, ಮುಂದಕ್ ಬಾ," ಎಂದು ಬಹುವಿನಯದಿಂದ ಕರೆದ.

ಆಗಲೇ ಫೋನು ಬಂದದ್ದು. ನಿಂಗರಾಜು. ಹಿಂದೆ ಆಸ್ಪತ್ರೆಯ ಗದ್ದಲ, ಯಾವುದೋ ಕೂಸಿನ ಅಳು.

"ಯಶಿ, ಆಪ್ರೇಸನ್ ಮಾಡ್ಬೇಕು ಅಂತಾವ್ರೆ, ಈಗ್ಲೇ. ಬಿಪಿ ಇಳೀತಿಲ್ವಂತೆ. ಸೈನ್ ಹಾಕು ಅಂತ ಪೇಪರ್ ಕೊಟ್ಟವ್ರೆ. ನಂಗೆ ಕೈ ಓಯ್ತಿಲ್ಲ ಕಣೆ." ಅವನ ಉಸಿರು ಹತ್ತಿರದಲ್ಲೇ ಕೇಳುತ್ತಿತ್ತು. "ಅಜ್ಜಿ ಕೈಲಿ ಹೂ ಕೇಳ್ಸು. ತಾಯಿ ಬಲಕ್ ಕೊಟ್ರೆ ಹಾಕ್ತೀನಿ. ಇಲ್ದಿದ್ರೆ ಬ್ಯಾಡ, ಕಾಯಣ. ಕೊಟ್ಟೋಳು ಅವ್ಳೇ, ಕಾಯೋಳೂ ಅವ್ಳೇ ಅಲ್ವ. ಫೋನ್ ಇಡಲ್ಲ, ಇಲ್ಲೇ ಇರ್ತೀನಿ, ಕೇಳ್ಸು."

ಅಜ್ಜಿ ಒಂದು ಕಣಗಲೆ ಹೂವನ್ನು ಇವಳ ಅಂಗೈಗೆ ಇಟ್ಟಳು. ಗಾಳಿಗೆ ಎಲ್ಲ ಗಿಡವೂ ಬೋಳಾಗಿ, ಇದು ಎಲ್ಲಿ ಉಳಿದಿತ್ತೋ, ಎಸಳಿನ ಅಂಚು ಕಂದಿತ್ತು. ಜನ ಸುತ್ತುಗಟ್ಟಿ ಕಣ್ಣು ಮುಚ್ಚತೊಡಗಿದರು. ಯಶೋದ ಬುಡಕ್ಕೆ ಎದುರಾಗಿ, ಎಲ್ಲರಿಗೂ ಬೆನ್ನಾಗಿ ನಿಂತಳು. ಕಿವಿಯಲ್ಲಿ ಅಣ್ಣನ ಉಸಿರು. ಅಂಗೈಯಲ್ಲಿ ಹೂವು, ತೂಕವೇ ಇಲ್ಲದ್ದು.

"ಬಲಕ್ಕೆ ಬಿತ್ತು ಕಣಣ್ಣ," ಎಂದಳು. ದನಿ ಗಟ್ಟಿಯಾಗಿತ್ತು, ಅವಳದ್ದೇ ಅಲ್ಲವೆನ್ನುವಷ್ಟು. "ಸೈನ್ ಹಾಕು."

ಫೋನು ನಿಂತಿತು. ಹಿಂದೆ ಯಾರೋ "ಕೊಟ್ಲಂತೆ" ಎಂದರು, ಮಾತು ಒಬ್ಬರಿಂದೊಬ್ಬರಿಗೆ ಹೋಗಿ ಸೇತುವೆಯ ತನಕ ಮುಟ್ಟಿತು. ಜನ ಕೈಮುಗಿದು, ಸಮಾಧಾನದಿಂದ ಚದುರಿ, ತಮ್ಮ ತಮ್ಮ ಬೈಕುಗಳ ಕಡೆ ಹೋದರು. ಹೂವು ಇನ್ನೂ ಅವಳ ಅಂಗೈಯಲ್ಲೇ ಇತ್ತು. ಅಜ್ಜಿ ಎದ್ದು ಬಂದು ಪಕ್ಕದಲ್ಲಿ ನಿಂತಳು.

"ಇಡು," ಎಂದಳು ಮೆಲ್ಲಗೆ. "ಕೇಳ್ದೆ ಯೋಳುದ್ಮೇಲೂ ಇಡ್ಬೇಕು."

ಯಶೋದ ಬುಡದ ಉಬ್ಬಿನ ಮೇಲೆ, ಒದ್ದೆ ಅರಿಸಿನದಲ್ಲಿ, ಹೂವಿನ ತೊಟ್ಟನ್ನು ಊರಿದಳು. ಕೈ ಬಿಟ್ಟಳು. ಅದು ನಿಂತಿತು. ಕಾಲ ಕೆಳಗೆ, ಮಣ್ಣಿನಡಿಯಲ್ಲಿ, ಮೂರು ಕಲ್ಲು ಊರಿನ ಕಡೆ ಮುಖ ಮಾಡಿ ಕತ್ತಲಲ್ಲಿ ಕೂತಿದ್ದವು. ಗಾಳಿ ಇರಲಿಲ್ಲ. ಕಂದಿದ ಎಸಳೊಂದು ಮೊದಲು ಬಾಗಿತು, ಆಮೇಲೆ ತೊಟ್ಟು, ನಿಧಾನವಾಗಿ, ಎಡಕ್ಕೆ. ಉಂಗುರದ ಬೆರಳು ಅವಳ ಮಗ್ಗುಲಲ್ಲಿ ತಾನೇ ಅಲುಗಿತು. ಅವಳು ಅದನ್ನು ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು. ಎಲ್ಲರೂ ಮುಚ್ಚಿದಾಗ ಎಂದೂ ಮುಚ್ಚದ ಕಣ್ಣನ್ನು, ಆಗ ಮುಚ್ಚಿದಳು.